ಎಚ್ಚರದ ಲೆಕ್ಕ

ನನ್ನ ತಮ್ಮನಿಗೆ ನಮ್ಮ ಆಫೀಸಿನಲ್ಲಿ ಕೆಲಸ ಕೊಡಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೋ ಬಂದು ನೆನಪಿಸುವುದು ಬೇಡ. ಅವನ ಜೆರಾಕ್ಸ್ ಮಷಿನ್ ರಿಪೇರಿ ಅಂಗಡಿ ಬಾಗಿಲು ಹಾಕಿತ್ತು. ಅಂಗಡಿಯಲ್ಲಿದ್ದದ್ದೆಲ್ಲ ನನ್ನ ಮನೆಯ ಹಾಲಿಗೆ ಬಂದು ಬಿದ್ದಿತ್ತು. ಬಿಚ್ಚಿದ ಪ್ರಿಂಟರುಗಳು, ವೈರಿನ ಸುರುಳಿಗಳು, ಎಷ್ಟು ಒರೆಸಿದರೂ ನೆಲ ಬಿಡದ ಟೋನರಿನ ಕಪ್ಪು ಪುಡಿ. ಅವುಗಳ ಮಧ್ಯೆ ಅವನು ಕಾಲು ಚಾಚಿ ಮಲಗಿ ಛಾವಣಿ ನೋಡುತ್ತಿದ್ದ. ಅಮ್ಮ ಹೋದಾಗ ಅವನಿನ್ನೂ ಚಡ್ಡಿ ಹಾಕುವ ಹುಡುಗ. ಅವನ ಮೂಗು ಒರೆಸಿ, ಬೈದು, ಓದಿಸಿ ಮನುಷ್ಯನನ್ನಾಗಿ ಮಾಡಿದೆ ಎಂಬ ಜಂಬ ನನಗಿತ್ತು. ಈಗಿಲ್ಲ.

ನನ್ನದು ವಿಮಾ ಕಂಪನಿಯ ಶಾಖೆಯೊಂದರಲ್ಲಿ ಕ್ಲೇಮು ನೋಡುವ ಕೆಲಸ. ಸತ್ತವರ ಮನೆಯವರು ಬಂದು ನನ್ನೆದುರು ಕೂರುತ್ತಾರೆ. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಅದರೊಳಗೆ ಬೇಕಾದ ಕಾಗದವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತದೆ. ಅವರು ಕೂತ ತಕ್ಷಣ ನಾನು ಪರದೆ ಆರಿಸುತ್ತೇನೆ, ಇದು ಮೊದಲಿನಿಂದಲೂ ನನ್ನ ಪದ್ಧತಿ. ಗಂಡನನ್ನೋ ಮಗಳನ್ನೋ ಕಳೆದುಕೊಂಡು ಬಂದವರು ಮಾತಾಡುವಾಗ ನಾವು ಪಕ್ಕದ ಪರದೆ ನೋಡುತ್ತಾ ಹೂಂಗುಟ್ಟಿದರೆ, ಅದಕ್ಕಿಂತ ಅವರ ಕೆನ್ನೆಗೆ ಹೊಡೆಯುವುದು ವಾಸಿ. ಮುಖ ನೋಡಿ ಕೇಳುತ್ತೇನೆ, ಬಿಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ, ಆಸ್ಪತ್ರೆಗೋ ಪೊಲೀಸರಿಗೋ ಫೋನು ಹಚ್ಚುತ್ತೇನೆ. ಎಲ್ಲ ಸರಿಹೋದ ಮೇಲೆ ಸಂಜೆ ಒಂದೇ ಉಸಿರಿಗೆ ಕೂತು ಕಂಪ್ಯೂಟರಿಗೆ ಏರಿಸುತ್ತೇನೆ. ನನ್ನ ಟೇಬಲು ದಾಟಿದ ಕ್ಲೇಮು ತಪ್ಪಾಯಿತೆಂದು ವಾಪಸು ಬರುವುದು ಅಪರೂಪ.

ಕರೆಂಟಿನ ಖರ್ಚು ತಗ್ಗಿಸಿ ಎಂದು ಹೆಡ್ ಆಫೀಸಿನಿಂದ ಮೇಲಿಂದ ಮೇಲೆ ಆದೇಶ ಬರತೊಡಗಿದಾಗ ನಮ್ಮ ಮ್ಯಾನೇಜರು ತಲೆ ಕೆರೆದುಕೊಂಡು ಕೂತಿದ್ದರು. ಲೈಟು ಆರಿಸಿ ಎಂದು ಗೋಡೆಗೆ ಚೀಟಿ ಅಂಟಿಸಿದ್ದಾಯಿತು, ಫ್ಯಾನು ಆರಿಸಿ ಎಂದು ಬೈದದ್ದೂ ಆಯಿತು, ಬಿಲ್ಲು ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ನಾನು ಸಮಯ ನೋಡಿ ಒಳಗೆ ಹೋದೆ. ಮಷಿನ್ನುಗಳ ಒಳಹೊರಗು ಬಲ್ಲ ತಮ್ಮನಿದ್ದಾನೆ, ಒಂದು ಸಲ ನೋಡಲಿ ಎಂದೆ. ಮ್ಯಾನೇಜರಿಗೆ ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿದಂತಾಯಿತು. ಕರೆತನ್ನಿ ಎಂದರು.

ಅವನು ಬಂದದ್ದು ಒಂದು ಸಂಜೆ, ಎಲ್ಲರೂ ಚೀಲ ಹೆಗಲಿಗೇರಿಸಿ ಹೊರಟ ಮೇಲೆ. ಲೈಟುಗಳನ್ನೆಲ್ಲ ಆರಿಸಿ ಮ್ಯಾನೇಜರನ್ನೂ ನನ್ನನ್ನೂ ಹಾಲಿನ ನಡುವೆ ನಿಲ್ಲಿಸಿದ. ಕತ್ತಲಲ್ಲಿ ಅಲ್ಲೊಂದು ಹಸಿರು ಚುಕ್ಕೆ, ಇಲ್ಲೊಂದು ಕಿತ್ತಳೆ ಚುಕ್ಕೆ. ನಾನು ಅಷ್ಟು ವರ್ಷ ಅದೇ ಹಾಲಿನಲ್ಲಿ ಕೂತಿದ್ದರೂ ಅಷ್ಟೊಂದು ದೀಪಗಳಿವೆ ಎಂದು ತಿಳಿದಿರಲಿಲ್ಲ. ಜೆರಾಕ್ಸ್ ಮಷಿನ್ನಿನ ಬೆನ್ನು ಮುಟ್ಟಿ ನೋಡಿ ಎಂದ. ಬೆಚ್ಚಗಿತ್ತು. ಯಾರೂ ಇಲ್ಲದ ಆಫೀಸಿನಲ್ಲಿ ಅದು ಬೆಳಗಿನ ಮೊದಲ ಪ್ರತಿಗಾಗಿ ಮೈ ಕಾಯಿಸಿಕೊಂಡು ಕೂತಿತ್ತು. ಪರದೆಗಳು, ಸ್ಕ್ಯಾನರು, ಯಾರೂ ಬಳಸದ ಫ್ಯಾಕ್ಸು, ಮೊಬೈಲು ಕಿತ್ತುಕೊಂಡು ಹೋದರೂ ಸಾಕೆಟ್ಟಿನಲ್ಲೇ ಉಳಿದ ಚಾರ್ಜರುಗಳು, ಇವೆಲ್ಲ ಸ್ಟ್ಯಾಂಡ್‌ಬೈಯಲ್ಲಿ ಕೂತು ಕರೆಂಟು ಹೀರುತ್ತವೆ ಎಂದು ವಿವರಿಸಿದ. "ಇವು ಮಲಗಿದ ಹಾಗೆ ನಟಿಸ್ತವೆ ಸರ್. ನಿಜವಾಗಿ ಮಲಗಿಸಬೇಕು ಅಂದ್ರೆ ಗೋಡೆ ಹತ್ರಾನೇ ಸ್ವಿಚ್ ಆರಿಸ್ಬೇಕು" ಎಂದ. ಮೂಲೆಯ ಬಣ್ಣದ ಪ್ರಿಂಟರನ್ನು ಮಾತ್ರ ಹಾಗೆ ಆರಿಸಬೇಡಿ, ಪ್ರತಿ ಸಲ ಹೊಸದಾಗಿ ಎಬ್ಬಿಸಿದಾಗಲೂ ಅದು ಬಾಯಿ ಮುಕ್ಕಳಿಸಿ ಅರ್ಧ ಇಂಕು ಕುಡಿದುಬಿಡುತ್ತದೆ ಎಂದ. ಮ್ಯಾನೇಜರು ನಕ್ಕರು. ನನ್ನ ಎದೆ ಉಬ್ಬಿ ಬಂತು.

ಹೀಗೆ ಕೆಲಸ ಸಿಕ್ಕಿತು. ಅವನು ಪ್ರತಿ ಟೇಬಲಿನ ಕೆಳಗೂ ಸ್ವಿಚ್ಚಿರುವ ಪ್ಲಗ್ ಪಟ್ಟಿ ಇಟ್ಟ, ಪಟ್ಟಿಗೂ ಗೋಡೆಗೂ ನಡುವೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಮೀಟರು ಸಿಕ್ಕಿಸಿದ. ಯಾವ ಟೇಬಲು ಎಷ್ಟು ಹೊತ್ತು ಎಚ್ಚರ, ಎಷ್ಟು ಹೊತ್ತು ನಿದ್ದೆ ಎಂದು ಅದು ತಾನಾಗಿ ಅವನ ಕಂಪ್ಯೂಟರಿಗೆ ತಿಳಿಸುತ್ತಿತ್ತು. ಇಲ್ಲಿ ಒಳ್ಳೆಯ ಫಲಿತಾಂಶ ಬಂದರೆ ಕಂಪನಿಯ ಮಿಕ್ಕ ಶಾಖೆಗಳ ಕೆಲಸವೂ ಅವನಿಗೇ ಎಂದು ಹೆಡ್ ಆಫೀಸಿನವರು ಮಾತು ಕೊಟ್ಟಿದ್ದರು. ಅವನು ಮತ್ತೆ ದಿನಾ ಗಡ್ಡ ಬೋಳಿಸಿಕೊಳ್ಳತೊಡಗಿದ. ಇಸ್ತ್ರಿ ಮಾಡಿದ ಅಂಗಿ ಹಾಕಿ ನನ್ನ ಜೊತೆ ಬಸ್ಸು ಹತ್ತುವಾಗ ಅವನ ಮುಖ ನೋಡುವುದೇ ನನಗೊಂದು ಸಂತೋಷವಾಗಿತ್ತು.

ಆಫೀಸಿನಲ್ಲಿ ಎಲ್ಲರೂ ಗೇಲಿ ಮಾಡಿದರು. ನನ್ನ ಪಕ್ಕದ ಟೇಬಲಿನವರನ್ನು ನಾವೆಲ್ಲ ಪುರುಸೊತ್ತಿಲ್ಲ ಎಂದು ಕರೆಯುತ್ತಿದ್ದೆವು, ಏಕೆಂದರೆ ಏನು ಕೇಳಿದರೂ ಅವರ ಮೊದಲ ಮಾತು ಅದೇ. ಇಡೀ ದಿನ ಅವರ ಪರದೆಯ ಮೇಲೆ ಇಸ್ಪೀಟು ಎಲೆಗಳು ಸಾಲಾಗಿ ಬಿದ್ದಿರುತ್ತಿದ್ದವು. ಮಧ್ಯೆ ಮಧ್ಯೆ ಎದ್ದು ಹೊರಗೆ ಗಂಟೆಗಟ್ಟಲೆ ಹರಟಿ ಬರುತ್ತಿದ್ದರು. ಆಗಲೂ ಅವರ ಮಷಿನ್ನು ನಿದ್ದೆ ಹೋಗುತ್ತಿರಲಿಲ್ಲ. ಅದರ ಗುಟ್ಟು ನನಗೆ ಆಗ ತಿಳಿದಿರಲಿಲ್ಲ. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ ಎಂಬುದಷ್ಟೇ ನಿಜ.

ನಾನಂತೂ ತಮ್ಮನ ಲೆಕ್ಕ ಚೆನ್ನಾಗಿ ಬರಲಿ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ. ಮೊದಲು ಪರದೆ ಮಾತ್ರ ಆರಿಸುತ್ತಿದ್ದವಳು ಈಗ ಯಾರಾದರೂ ಎದುರು ಕೂತರೆ ಕಂಪ್ಯೂಟರನ್ನೇ ಮುಚ್ಚಿ, ಬಗ್ಗಿ ಪಟ್ಟಿಯ ಸ್ವಿಚ್ಚನ್ನೇ ಒತ್ತಿಬಿಡುತ್ತಿದ್ದೆ. ಬಗ್ಗಿ ಬಗ್ಗಿ ಸೊಂಟ ಹಿಡಿಯಿತು. ಸಂಜೆ ಟೈಪು ಮಾಡುವ ಹೊತ್ತು ಬಿಟ್ಟರೆ ನನ್ನ ಟೇಬಲು ಕಡ್ಡಿಯಷ್ಟೂ ಕರೆಂಟು ಮುಟ್ಟುತ್ತಿರಲಿಲ್ಲ. ಮೊದಲ ಸುತ್ತಿನ ಲೆಕ್ಕ ಬಂದಾಗ ನನ್ನ ಟೇಬಲಿಗೇ ಮೊದಲ ಸ್ಥಾನ. ಮ್ಯಾನೇಜರು ಎಲ್ಲರೆದುರು ನನಗೊಂದು ಸ್ಟೀಲಿನ ನೀರಿನ ಬಾಟಲಿ ಕೊಟ್ಟು, ಮೇಡಂ ಅವರನ್ನು ನೋಡಿ ಕಲಿಯಿರಿ ಎಂದರು. ಚಪ್ಪಾಳೆ ತಟ್ಟಿದವರಲ್ಲಿ ನನ್ನ ತಮ್ಮನದೇ ಜೋರು.

ಅದಾಗಿ ಸ್ವಲ್ಪ ದಿನಕ್ಕೆ ಹೆಡ್ ಆಫೀಸಿನ ಯಾವನೋ ಬುದ್ಧಿವಂತನ ಕಣ್ಣು ಆ ಲೆಕ್ಕದ ಮೇಲೆ ಬಿತ್ತು. ಟೇಬಲು ಎಚ್ಚರವಿದ್ದ ಹೊತ್ತೇ ಮನುಷ್ಯ ದುಡಿದ ಹೊತ್ತು ಎಂದು ಅವನಿಗೆ ಹೊಳೆಯಿತು. ಶಾಖೆಯಲ್ಲಿ ಯಾರನ್ನು ಉಳಿಸಿಕೊಳ್ಳಬೇಕು, ಯಾರು ಹೆಚ್ಚಾದರು ಎಂದು ತಿಳಿಯಲು ಅವರು ಹುಡುಕುತ್ತಿದ್ದ ದಾರಿ ಪುಕ್ಕಟೆ ಸಿಕ್ಕಿತ್ತು. ನಮ್ಮನ್ನು ಮೀಟಿಂಗಿಗೆ ಕರೆದರು. ಗೋಡೆಯ ಮೇಲೆ ಟೇಬಲುಗಳ ನಂಬರು ಸಾಲಾಗಿ ಮೂಡಿದವು. ಪುರುಸೊತ್ತಿಲ್ಲ ಎಲ್ಲರಿಗಿಂತ ಮೇಲೆ, ಹಸಿರು ಬಣ್ಣದಲ್ಲಿ. ನಾನು ಎಲ್ಲರಿಗಿಂತ ಕೆಳಗೆ, ಕೆಂಪಿನಲ್ಲಿ. ಬಾಟಲಿ ಕೊಡಿಸಿದ ಲೆಕ್ಕವೇ ಅದು, ಒಂದಂಕಿಯೂ ಬದಲಾಗಿರಲಿಲ್ಲ. ತಲೆಕೆಳಗು ಮಾಡಿ ನೋಡುತ್ತಿದ್ದರು, ಅಷ್ಟೇ.

ನಾನು ಎದ್ದು ನಿಂತು ಹೇಳಿದೆ. ನನ್ನ ಕೆಲಸ ಪರದೆಯ ಮೇಲಲ್ಲ, ಎದುರಿನ ಕುರ್ಚಿಯಲ್ಲಿದೆ, ಉಳಿತಾಯವಾಗಲಿ ಎಂದೇ ಆರಿಸುತ್ತಿದ್ದೆ, ನೀವೇ ಹೊಗಳಿದಿರಿ ಎಂದೆ. ಮ್ಯಾನೇಜರು ಕೆಟ್ಟವರೇನಲ್ಲ, ಪೆಚ್ಚಾಗಿ ನನ್ನ ತಮ್ಮನ ಕಡೆ ತಿರುಗಿದರು. ಮೇಡಂ ಹೇಳುವುದು ಸರಿಯೇ ಎಂದು ಕೇಳಿದರು. ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ದಿನಾ ಸಂಜೆ ಊಟಕ್ಕೆ ಕೂತಾಗ ನನ್ನ ಸೊಂಟನೋವಿನ ಕಥೆ ಕೇಳಿ ನಕ್ಕವನು ಅವನು. ಅವನು ಹೇಳಿದ್ದು ಬೇರೆ.

"ಯಾಕೆ ಆರಿಸಿದ್ರು ಅಂತ ಮೀಟರ್ ಹೇಳಲ್ಲ ಸರ್. ಎಷ್ಟು ಹೊತ್ತು ಆರಿತ್ತು ಅಂತಷ್ಟೇ ಹೇಳುತ್ತೆ."

ಮುಂದಿನ ಸುತ್ತಿನ ಲೆಕ್ಕ ಬರುವವರೆಗೆ ನೋಡೋಣ ಎಂದು ಮ್ಯಾನೇಜರು ಮಾತು ಮುಗಿಸಿದರು. ಅಂದರೆ ಆ ಸುತ್ತಿನಲ್ಲೂ ನಾನು ಕೆಂಪಿನಲ್ಲಿದ್ದರೆ ನನ್ನ ಕುರ್ಚಿ ಹೋಯಿತು ಎಂದೇ ಅರ್ಥ. ಇದು ಎಲ್ಲರಿಗೂ ಅರ್ಥವಾಯಿತು. ನನ್ನ ವಯಸ್ಸಿನವಳಿಗೆ ಇನ್ನೊಬ್ಬರು ಕುರ್ಚಿ ಎಳೆದು ಕೂರಿಸುವುದಿಲ್ಲ.

ಮನೆಗೆ ಬಂದ ಮೇಲೆ ತಮ್ಮನೇ ಮಾತು ಶುರು ಮಾಡಿದ. ಒಂದು ಲೆಕ್ಕ ತಪ್ಪು ಎಂದು ತಾನೇ ಒಪ್ಪಿಕೊಂಡರೆ ಎಲ್ಲ ಲೆಕ್ಕವೂ ತಪ್ಪೆನ್ನುತ್ತಾರೆ, ಮಿಕ್ಕ ಶಾಖೆಗಳು ಕೈ ತಪ್ಪುತ್ತವೆ, ಅವು ಕೈಗೆ ಬಂದ ಮರುದಿನವೇ ಮ್ಯಾನೇಜರ ಹತ್ತಿರ ಎಲ್ಲ ಬಿಡಿಸಿ ಹೇಳುತ್ತೇನೆ ಎಂದ. ನನಗೆ ಸಿಟ್ಟು ಬಂದಿತ್ತು. ಆದರೆ ಅವನು ಮತ್ತೆ ಛಾವಣಿ ನೋಡಿಕೊಂಡು ಮಲಗುವುದು ನನ್ನಿಂದ ನೋಡಲಾಗದು. ಹೆದರಿದ್ದಾನೆ, ಹುಡುಗ ಎಂದುಕೊಂಡು ಹೊಟ್ಟೆಗೆ ಹಾಕಿಕೊಂಡೆ. ತಲೆಗೂದಲು ಹಣ್ಣಾಗುತ್ತಿರುವ ಗಂಡಸನ್ನು ಹುಡುಗ ಎಂದುಕೊಳ್ಳುವುದು ಅಕ್ಕಂದಿರಿಗೆ ಮಾತ್ರ ಬರುವ ರೋಗ.

ಮರುದಿನ ಪುರುಸೊತ್ತಿಲ್ಲ ತಮ್ಮ ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು. ಅವರಿಗೆ ಪುರುಸೊತ್ತಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಮೇಡಂ, ನೀವು ಶುದ್ಧ ಬೆಪ್ಪು" ಎಂದರು. "ಇಲ್ಲಿ ನೋಡಿ."

ತಮ್ಮ ಮೌಸನ್ನು ಎತ್ತಿ ತೋರಿಸಿದರು. ಅದರ ಕೆಳಗೆ ಒಂದು ಹಳೆಯ ಕೈಗಡಿಯಾರ ಅಂಗಾತ ಮಲಗಿತ್ತು. ಸೆಕೆಂಡಿನ ಮುಳ್ಳು ತಿರುಗಿದಂತೆಲ್ಲ ಮೌಸಿನ ಹೊಟ್ಟೆಯ ಕೆಂಪು ಬೆಳಕಿಗೆ ಏನೋ ಅಲುಗಾಡಿದಂತೆ ಕಂಡು, ಬಾಣದ ಗುರುತು ಪರದೆಯ ಮೇಲೆ ಕೂದಲೆಳೆಯಷ್ಟು ಸರಿಯುತ್ತಿತ್ತು. ಮಷಿನ್ನು ಒಡೆಯನಿದ್ದಾನೆಂದು ತಿಳಿದು ಎಚ್ಚರವಾಗೇ ಇರುತ್ತಿತ್ತು. ಎಷ್ಟೋ ವರ್ಷದಿಂದ ಹೀಗೇ, ಯಾರ ಕಂಪ್ಯೂಟರು ಎಚ್ಚರವಿದೆ ಎಂದು ಮೇಲಧಿಕಾರಿಗಳು ದೂರದಿಂದಲೇ ಇಣುಕುತ್ತಿದ್ದ ಕಾಲದಿಂದಲೂ ಎಂದರು. ತಮ್ಮ ಡ್ರಾಯರಿನಿಂದ ಇನ್ನೊಂದು ಗಡಿಯಾರ ತೆಗೆದು ನನ್ನ ಟೇಬಲಿನ ಮೇಲಿಟ್ಟರು. ನಾನು ಥ್ಯಾಂಕ್ಸ್ ಸಹ ಹೇಳಲಿಲ್ಲ. ಆ ಮನುಷ್ಯನ ಋಣಕ್ಕೆ ಬೀಳಬೇಕಾಯಿತಲ್ಲ ಎಂದು ಹೊಟ್ಟೆ ಉರಿಯಿತು.

ಗಡಿಯಾರವನ್ನು ಒಂದೆರಡು ದಿನ ಮುಟ್ಟಲಿಲ್ಲ. ಆಮೇಲೆ ಮೌಸಿನ ಕೆಳಗೆ ಇಟ್ಟೆ. ಇಟ್ಟ ದಿನವೇ ಒಬ್ಬ ಮುದುಕ ಬಂದು ಕೂತ. ಮಗಳು ಕೆಲಸಕ್ಕೆ ಹೋಗುವ ದಾರಿಯಲ್ಲಿ ಲಾರಿಗೆ ಸಿಕ್ಕಿ ಸತ್ತಿದ್ದಳು. ಅವನು ಹೇಳುತ್ತಿದ್ದ, ಪಕ್ಕದಲ್ಲಿ ಪರದೆ ಝಗಝಗ ಉರಿಯುತ್ತಿತ್ತು. ಅವನ ಕಣ್ಣು ಪದೇ ಪದೇ ಅತ್ತ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅವನು ನನ್ನನ್ನು ಬಿಟ್ಟು ಆ ಪರದೆಗೇ ಮಗಳ ಸುದ್ದಿ ಹೇಳತೊಡಗಿದ. ನನಗೆ ನನ್ನ ಮೇಲೇ ಅಸಹ್ಯವಾಯಿತು. ಕೈ ಸ್ವಿಚ್ಚಿನವರೆಗೆ ಹೋಗಿ ಹಿಂದೆ ಬಂತು. ಆರಿಸಲಿಲ್ಲ.

ಊಟಕ್ಕೆ ಎದ್ದರೂ ಮಷಿನ್ನು ಎಚ್ಚರ, ಬಚ್ಚಲಿಗೆ ಹೋದರೂ ಎಚ್ಚರ. ನನ್ನ ನಂಬರು ಕೆಂಪಿನಿಂದ ಹಳದಿಗೆ, ಹಳದಿಯಿಂದ ಹಸಿರಿಗೆ ಹತ್ತಿತು. ಮ್ಯಾನೇಜರು ಎದುರು ಸಿಕ್ಕಾಗ, ಈಗ ಚುರುಕಾಗಿದ್ದೀರಿ ಮೇಡಂ ಎಂದು ನಕ್ಕರು. ನಾನೂ ನಕ್ಕೆ. ಸಂಜೆ ಏರಿಸುವ ಕ್ಲೇಮುಗಳು ಮೊದಲು ಎಷ್ಟಿದ್ದವೋ ಈಗಲೂ ಅಷ್ಟೇ ಇದ್ದವು. ಅದನ್ನು ಯಾರೂ ಕೇಳಲಿಲ್ಲ.

ತಮ್ಮ ಗಮನಿಸಿದ. ಗಮನಿಸದೆ ಇರುತ್ತಾನೆಯೇ, ಅವನ ಕೆಲಸವೇ ಅದು. ಒಂದು ಸಂಜೆ ತಟ್ಟೆಯ ಮುಂದೆ ಕೂತವನು, "ಅಕ್ಕ, ನಿನ್ನ ಟೇಬಲ್ ಊಟದ ಹೊತ್ತಲ್ಲೂ ಉರೀತಿದೆ, ಉಳಿತಾಯದಲ್ಲಿ ದೊಡ್ಡ ಪಾಲು ನಿಂದೇ ಇತ್ತು, ಈಗ ಒಟ್ಟು ಬಿದ್ದುಹೋಗಿದೆ, ಏನ್ ಮಾಡ್ತಿದ್ದೀಯ?" ಎಂದು ಕೇಳಿದ. ನಾನು ಮುಚ್ಚುಮರೆಯಿಲ್ಲದೆ ಹೇಳಿದೆ. ಯಾರೊಬ್ಬರಿಗೂ ಹೇಳದ್ದನ್ನು ಅವನಿಗೆ ಹೇಳಿದೆ, ಪುರುಸೊತ್ತಿಲ್ಲ ಎಷ್ಟೋ ವರ್ಷದಿಂದ ಇದನ್ನೇ ಮಾಡುತ್ತಿದ್ದಾರೆ ಎಂಬುದನ್ನೂ ಸೇರಿಸಿ. ಗಡಿಯಾರದ ವಿಷಯ ಕೇಳಿ ಅವನು ಬಿದ್ದು ಬಿದ್ದು ನಕ್ಕ. ನನಗೂ ನಗು ಬಂತು. ಎಷ್ಟೋ ದಿನದ ಮೇಲೆ ಇಬ್ಬರೂ ಒಟ್ಟಿಗೆ ನಕ್ಕಿದ್ದೆವು. ಆಮೇಲೆ ಅವನು, ಸರಿ ಬಿಡು, ಶಾಖೆಗಳ ವಿಷಯ ಇತ್ಯರ್ಥವಾಗಲಿ, ನಾನು ಮಾತಾಡುತ್ತೇನೆ ಎಂದ. ಆ ದಿನ ನನಗೆ ನಿರಾಳವಾಗಿ ನಿದ್ದೆ ಬಂತು.

ಅದೇ ವಾರ ಹೆಡ್ ಆಫೀಸಿನವರು ಬಂದು ಮ್ಯಾನೇಜರ ಕೋಣೆಯಲ್ಲಿ ತಮ್ಮನ ಜೊತೆ ಬಾಗಿಲು ಹಾಕಿಕೊಂಡು ಕೂತರು. ಚೆನ್ನಾಗಿ ಶುರುವಾದ ಉಳಿತಾಯ ಯಾಕೆ ಕುಸಿಯಿತು ಎಂಬುದೇ ಅವರ ಪ್ರಶ್ನೆ ಎಂದು ಹೊರಗಿದ್ದವರಿಗೆಲ್ಲ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಮ್ಯಾನೇಜರು ಒಬ್ಬರೇ ಹೊರಗೆ ಬಂದರು. ಬೇರೆ ಯಾವ ಟೇಬಲನ್ನೂ ನೋಡದೆ ನೆಟ್ಟಗೆ ನನ್ನ ಹತ್ತಿರ ಬಂದು ಮೌಸನ್ನು ಎತ್ತಿದರು. ನನ್ನೆದುರು ಒಬ್ಬ ಹೆಂಗಸು ಗಂಡನ ಕಾಗದಗಳನ್ನು ಹರಡಿಕೊಂಡು ಕೂತಿದ್ದಳು. ಅವಳ ಮುಂದೆಯೇ ಗಡಿಯಾರವನ್ನು ಎತ್ತಿ ಹಿಡಿದರು.

"ನಿಮ್ಮಿಂದ ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ ಮೇಡಂ" ಎಂದರು.

ಕೆಲಸ ಕಡಿಮೆ ಎಂದು ಕಳಿಸಿದ್ದರೆ ಏನೋ ಒಂದಿಷ್ಟು ಮರ್ಯಾದೆ ಉಳಿಯುತ್ತಿತ್ತು. ಕಂಪನಿಗೆ ಮೋಸ ಮಾಡಿದೆ ಎಂದು ಕಳಿಸಿದರು. ಸಂಜೆಯೊಳಗೆ ಟೇಬಲು ಖಾಲಿ ಮಾಡಬೇಕಿತ್ತು. ಆ ಹೆಂಗಸನ್ನು ಪಕ್ಕದ ಟೇಬಲಿಗೆ ಹೋಗಿ ಎಂದರು. ಅವಳು ಕಾಗದಗಳನ್ನೆಲ್ಲ ಬಾಚಿಕೊಂಡು ಎದ್ದು, ನನ್ನನ್ನು ಒಮ್ಮೆ ನೋಡಿ, ಪುರುಸೊತ್ತಿಲ್ಲರ ಮುಂದೆ ಕೂತಳು. ಅವರ ಮೌಸಿನ ಕೆಳಗಿನ ಗಡಿಯಾರ ಅಲ್ಲೇ ಇತ್ತು. ಯಾರೂ ಎತ್ತಿ ನೋಡಲಿಲ್ಲ.

ಕಲಿಸಿಕೊಟ್ಟವರೇ ಚಾಡಿ ಹೇಳಿದರು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಚೀಲ ತುಂಬಿಕೊಂಡು ಹೊರಡುವಾಗ, ನಿಮ್ಮ ಆಸೆ ತೀರಿತಲ್ಲ ಎಂದು ಅವರ ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. "ನಾನು ಹೇಳಿದ್ರೆ ನನ್ನ ತಲೇನೂ ಹೋಗ್ತಿತ್ತಲ್ಲ ಮೇಡಂ" ಎಂದು ಮೆಲ್ಲಗೆ ಹೇಳಿದರು. ಅದರಲ್ಲಿ ಅರ್ಥವಿತ್ತು. ಅದನ್ನು ತಲೆಗೆ ಹಾಕಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ನನ್ನ ತಮ್ಮ ಮನೆಗೆ ಬಂದಾಗ ಕತ್ತಲಾಗುತ್ತಿತ್ತು. ಕೈಕಾಲು ತೊಳೆದು ನನ್ನೆದುರು ಕೂತ. ನಾನು ಊಟ ಬಡಿಸಿದೆ, ಅಭ್ಯಾಸಬಲ. ಅವನು ತುತ್ತು ಕಲಸಿಕೊಂಡು ಹಾಗೇ ಕೂತಿದ್ದ. ಎಲ್ಲ ಶಾಖೆಗಳೂ ಅವನಿಗೇ ಸಿಕ್ಕಿದ್ದವು. ಅದನ್ನು ಮೊದಲು ಹೇಳಿದ. ನಾನು ಒಳ್ಳೆಯದಾಯಿತು ಎಂದೆ. ಪುರುಸೊತ್ತಿಲ್ಲ ನನಗೆ ಹೀಗೆ ಮಾಡಬಾರದಿತ್ತು ಎಂದೂ ಹೇಳಿದೆ. ಅವನು ತಟ್ಟೆ ನೋಡುತ್ತಾ ಹೇಳಿದ:

"ಅವರಲ್ಲ ಅಕ್ಕ. ಕುಸಿದಿದ್ದಕ್ಕೆ ಕಾರಣ ಕೊಡ್ಲೇಬೇಕಿತ್ತು, ಗಡಿಯಾರದ ವಿಷಯ ನಾನೇ ಹೇಳ್ದೆ. ಆದ್ರೆ ನಿನ್ನ ಹೆಸರು ಎತ್ತಲಿಲ್ಲ. ಟೇಬಲ್ ನಂಬರ್ ಅಷ್ಟೇ ಹೇಳಿದ್ದು."

ಅವನ ಮುಖ ನೋಡಿದೆ. ನಾಚಿಕೆ ಇರಲಿಲ್ಲ. ನನಗಾಗಿ ಏನೋ ಕಷ್ಟಪಟ್ಟು ಉಳಿಸಿ ತಂದವನ ಮುಖ ಅದು. ನಾನಿದ್ದೀನಲ್ಲ ಅಕ್ಕ, ನೀನಿನ್ನು ದುಡಿದದ್ದು ಸಾಕು, ಮನೆಯಲ್ಲಿ ಆರಾಮವಾಗಿರು ಎಂದು ಅವನು ಮುಂದುವರಿಸುತ್ತಿದ್ದ.

"ಪಕ್ಕದ ಟೇಬಲ್ ನಂಬರ್ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಅದರ ರೀಡಿಂಗ್ ಮೊದಲಿಂದಲೂ ಹಾಗೇ ಇದೆ. ಅದರಲ್ಲಿ ಏನೂ ಬದಲಾಗಿಲ್ಲ ಅಕ್ಕ."

ಕದಿಯುವವನು ಮೊದಲ ದಿನದಿಂದಲೇ ಕದ್ದರೆ ಅವನ ಲೆಕ್ಕ ಸರಿ. ಸರಿಯಾಗಿ ಬದುಕುತ್ತಿದ್ದವಳು ಒಂದು ಸಲ ಎಡವಿದರೆ ಅವಳ ಮೇಲೆ ಕೆಂಪು ಗೆರೆ. ಇದನ್ನು ಅವನಿಗೆ ಹೇಳಬಹುದಿತ್ತು. ಹೇಳಿದ್ದರೆ ಮೀಟರು ಹೇಗೆ ಕೆಲಸ ಮಾಡುತ್ತದೆ ಎಂದು ಅವನು ನನಗೆ ಮತ್ತೊಮ್ಮೆ ತಾಳ್ಮೆಯಿಂದ ವಿವರಿಸುತ್ತಿದ್ದ.

"ಊಟ ಮುಗಿಸು" ಎಂದೆ. "ಬೆಳಿಗ್ಗೆ ನಿನ್ನ ಸಾಮಾನೆಲ್ಲ ಕಟ್ಕೊಂಡು ಬೇರೆ ಮನೆ ನೋಡ್ಕೋ."

ಅವನು ತಲೆಯೆತ್ತಿದ. ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ನಾನು ತಮಾಷೆ ಮಾಡುತ್ತಿಲ್ಲ ಎಂದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ನಾನೇನು ತಪ್ಪು ಮಾಡ್ದೆ ಅಕ್ಕ?"

ನಟನೆಯಾಗಿದ್ದರೆ ಎರಡು ಬಾರಿಸಿ ಸುಮ್ಮನಾಗುತ್ತಿದ್ದೆನೇನೋ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.